ಪುಷ್ಪಮಾಲಾ ಎನ್., ಬಾದಲ್ ನಂಜುಂಡಸ್ವಾಮಿ: ಯಾರಿಂದ ಆರಂಭಿಸಬೇಕು?

ಸಮಕಾಲೀನ ದೃಶ್ಯಕಲೆಯ ಅಧ್ಯಯನವನ್ನು ಬೆಂಗಳೂರಿನಿಂದಲೇ ಆರಂಭಿಸಬಯಸುವವರು ಈ ಇಬ್ಬರನ್ನೂ ಗಮನಿಸಬೇಕು. ಶಿಲ್ಪಕಲೆ ಕಲಿತ ಪುಷ್ಪಮಾಲಾ ಅವರು ಕ್ಯಾಮೆರಾದ ಮುಂದೆ ತಾವೇ ಪಾತ್ರವಾಗಿ ನಿಲ್ಲುತ್ತಾರೆ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ರಿಂದ 2004ರ ನಡುವೆ ರೂಪಿಸಿದ, ದಕ್ಷಿಣ ಭಾರತದ ಸ್ತ್ರೀಯರನ್ನು ಕುರಿತ ಸರಣಿಯ ಒಂದು ಚಿತ್ರದಲ್ಲಿ ಅವರು ರವಿವರ್ಮನ ಲಕ್ಷ್ಮಿಯಾದರೆ, ಇನ್ನೊಂದರಲ್ಲಿ ವಸಾಹತುಶಾಹಿ ಮಾನವಶಾಸ್ತ್ರಜ್ಞರು ದೇಹವನ್ನು ಅಳೆಯಲು ಬಳಸುತ್ತಿದ್ದ ಚೌಕುಳಿ ಪರದೆಯ ಮುಂದೆ ನಿಂತು, ನೋಡುವವರ ಅಧಿಕಾರವನ್ನೇ ಪ್ರಶ್ನಿಸುತ್ತಾರೆ. ನಂಜುಂಡಸ್ವಾಮಿ ಅವರಿಗೆ ರಸ್ತೆಯೇ ಸ್ಟುಡಿಯೊ. 2015ರಲ್ಲಿ ನೀರು ತುಂಬಿದ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿಯನ್ನಿಟ್ಟ ಅವರು, 2019ರಲ್ಲಿ ಹದಗೆಟ್ಟ ರಸ್ತೆಯ ಮೇಲೆ ಗಗನಯಾತ್ರಿಯ ವೇಷಧಾರಿಯನ್ನು ನಡೆಸಿ, ಅದು ಚಂದ್ರನ ನೆಲವೆಂಬ ಭ್ರಮೆ ಹುಟ್ಟಿಸಿದರು. ಸಂದೇಶ ಕೂಡಲೇ ಜನರನ್ನು ಮುಟ್ಟಬೇಕೆನ್ನುವವರಿಗೆ ಇವರ ದಾರಿ ಸೂಕ್ತ. ಆದರೆ ಬೆಳಕು, ಉಡುಪು, ಭಂಗಿಗಳು ಅರ್ಥವನ್ನು ಕಟ್ಟುವ ಬಗೆಯನ್ನು ಅರಿಯಬಯಸುವ ಛಾಯಾಗ್ರಾಹಕರು ಪುಷ್ಪಮಾಲಾ ಅವರನ್ನೇ ಮೊದಲು ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.