ಸೋಲಾರ್ ಬ್ಯಾಟರಿಗೆ ಕಾವಲು: ವೈಫೈ ಕಡ್ಡಿಯೋ, ಶಂಟೋ, ಎರಡೆಳೆ ತಂತಿಯೋ?

ಸೋಲಾರ್ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಮೂರು ದಾರಿ ಹಿಡಿದು ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಉಳಿದುಕೊಂಡದ್ದು ಬ್ಯಾಟರಿಯ ಜೊತೆ ನೇರ ಮಾತನಾಡುವ ಆರ್‌ಎಸ್‌485 ತಂತಿ. ವೈಫೈ ಕಡ್ಡಿ ಅಟ್ಟ ಸೇರಿದೆ, ಶಂಟ್ ಭಾವನ ಮನೆಗೆ ಹೋಗಿದೆ. ಹಾಗೆಂದು ತಂತಿ ಸುಲಭಕ್ಕೆ ಒಲಿಯಿತು ಎಂದುಕೊಳ್ಳಬೇಡಿ. ಅದು ಕಾಡಿಸಿದಷ್ಟು ಉಳಿದೆರಡು ಸೇರಿಯೂ ಕಾಡಿಸಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟಿನ ಸುದ್ದಿಯಿಲ್ಲ. ಅದಕ್ಕೆಂದೇ ಮಾಡಿನ ಮೇಲೆ 3 ಕಿಲೊವಾಟ್ ಪ್ಯಾನೆಲ್, ಒಳಗೆ ಬಿಸಿಲು, ಬ್ಯಾಟರಿ, ಕರೆಂಟು ಮೂರನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರ್, ಜೊತೆಗೆ 16 ಸೆಲ್‌ಗಳ 51.2 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿದೆ. ತುಂಬಿದಾಗ ಐದು ಯೂನಿಟ್‌ಗೆ ತುಸು ಹೆಚ್ಚು. ಹಳೆಯ ಲೆಡ್ ಆಸಿಡ್ ಬ್ಯಾಟರಿಯಿದ್ದಾಗ ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಅಂದಾಜು ಮಾಡುತ್ತಿದ್ದೆ. ಇದರಲ್ಲಿ ಆ ಆಟ ನಡೆಯುವುದಿಲ್ಲ. ಮುಕ್ಕಾಲು ಭಾಗ ಖಾಲಿಯಾಗುವವರೆಗೂ ವೋಲ್ಟೇಜ್ ಅಲುಗಾಡದಂತೆ ನಿಂತಿರುತ್ತದೆ, ಆಮೇಲೆ ಕೆರೆಯ ಏರಿ ಒಡೆದಂತೆ ಒಮ್ಮೆಲೇ ಕುಸಿಯುತ್ತದೆ. ಅಮ್ಮನ ಪ್ರಶ್ನೆಯಾದರೋ ದಿನವೂ ಒಂದೇ: "ಈಗ ಗ್ರೈಂಡರ್ ಹಾಕಬಹುದೇನೋ?"

ಇನ್ವರ್ಟರ್ ಜೊತೆಗೇ ಬಂದ ವೈಫೈ ಕಡ್ಡಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಸಿಕ್ಕಿಸಿದರೆ ಹತ್ತು ನಿಮಿಷದಲ್ಲಿ ಕೆಲಸ ಶುರು, ಮೊಬೈಲ್‌ನಲ್ಲಿ ಚೆಂದದ ಚಿತ್ರ. ಐದು ನಿಮಿಷಕ್ಕೊಮ್ಮೆ ಅಂಕಿಗಳು ಯಾವುದೋ ದೂರದ ಸರ್ವರ್‌ಗೆ ಹೋಗಿ ಅಲ್ಲಿಂದ ನನ್ನ ಜೇಬಿಗೆ ಬರಬೇಕು. ಕಂಬ ಉರುಳಿದ ದಿನ ಫೈಬರ್ ಕೇಬಲ್ಲೂ ಅದರ ಜೊತೆಯೇ ಉರುಳಿರುತ್ತದೆ. ಅಂದರೆ ಬ್ಯಾಟರಿಯ ಚಿಂತೆ ಇಲ್ಲದ ದಿನಗಳಲ್ಲಿ ಮಾತ್ರ ಅದು ಬ್ಯಾಟರಿಯ ಸುದ್ದಿ ಹೇಳುತ್ತದೆ. ಇಂಟರ್ನೆಟ್ ಇಲ್ಲದ ಹೊತ್ತಿನ ಲೆಕ್ಕ ಆಮೇಲೂ ತುಂಬಿಕೊಳ್ಳಲಿಲ್ಲ, ಆ ಜಾಗ ಖಾಲಿಯೇ ಉಳಿಯಿತು. ಇದರ ಮೇಲೆ, ಖಾತೆಯನ್ನು ಸೋಲಾರ್ ಕೂರಿಸಿದ ಹುಡುಗ ತನ್ನ ಹೆಸರಿನಲ್ಲೇ ತೆರೆದಿದ್ದ.

ಎರಡನೆಯದು ಶಂಟ್, ಹದಿಮೂರು ಸಾವಿರ ಕೊಟ್ಟದ್ದು. ಬ್ಯಾಟರಿಯ ನೆಗೆಟಿವ್ ತಂತಿಯ ನಡುವೆ ಕೂರುವ ದಪ್ಪ ಲೋಹದ ತುಂಡು ಇದು. 500 ಆಂಪಿಯರ್ ಹರಿದರೆ ಅದರ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸ ಅಳೆದು, ಒಳಗೆ ಹೋದದ್ದೆಷ್ಟು ಹೊರಗೆ ಬಂದದ್ದೆಷ್ಟು ಎಂದು ಕಿರಾಣಿ ಅಂಗಡಿಯ ಲೆಕ್ಕದ ಹಾಗೆ ಕೂಡಿ ಕಳೆಯುತ್ತದೆ. ಬ್ಲೂಟೂತ್ ಇರುವುದರಿಂದ ಇಂಟರ್ನೆಟ್‌ನ ಹಂಗಿಲ್ಲ. ಆದರೆ ಈ ಲೆಕ್ಕ ಶುದ್ಧವಾಗುವುದು ಬ್ಯಾಟರಿ ಪೂರ್ತಿ ತುಂಬಿದಾಗ ಮಾತ್ರ. ಆಷಾಢದಲ್ಲಿ ನಮ್ಮಲ್ಲಿ ಬಿಸಿಲನ್ನು ನೋಡಬೇಕೆಂದರೆ ಘಟ್ಟ ಬಿಟ್ಟು ಹೊರಗೆ ಹೋಗಬೇಕು. ಮೂರು ವಾರ ಬ್ಯಾಟರಿ ತುಂಬಲೇ ಇಲ್ಲ, ಸಣ್ಣ ಸಣ್ಣ ತಪ್ಪುಗಳು ಸೇರುತ್ತಾ ಹೋದವು. ಶಂಟ್ ಶೇಕಡ 38 ಎನ್ನುತ್ತಿದ್ದ ರಾತ್ರಿ ಮನೆ ಕತ್ತಲಾಯಿತು. ಹದಿನೈದು ದಿನಕ್ಕೊಮ್ಮೆ ಕರೆಂಟಿನಿಂದ ಪೂರ್ತಿ ತುಂಬಿಸಿದರೆ ಲೆಕ್ಕ ಸರಿಹೋಗುತ್ತದೆ, ನಿಜ. ನೆನಪಿಟ್ಟುಕೊಂಡು ಮಾಡುವ ಕೆಲಸ ನನ್ನಿಂದ ಆಗುವುದಿಲ್ಲ.

ಇನ್ನು ತಂತಿ. ಬ್ಯಾಟರಿಯೊಳಗೆ ಸೆಲ್‌ಗಳನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್‌ಗೆ ಎಲ್ಲವೂ ಗೊತ್ತಿದೆ. ಆರ್‌ಎಸ್‌485 ಎಂಬ ಎರಡೆಳೆಯ ದಾರಿಯಲ್ಲಿ ಕೇಳಿದರೆ ಹೇಳುತ್ತದೆ. ಆ ತಂತಿಯನ್ನು ಕಂಪ್ಯೂಟರಿಗೆ ಸೇರಿಸುವ ಯುಎಸ್‌ಬಿ ಪರಿವರ್ತಕಕ್ಕೆ ಮುನ್ನೂರು ರೂಪಾಯಿ, ಮೇಜಿನ ಖಾನೆಯಲ್ಲಿ ಬಿದ್ದಿದ್ದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಖರ್ಚಿಲ್ಲ. ಒಂದು ಭಾನುವಾರದ ಕೆಲಸ ಎಂದುಕೊಂಡೆ. ನಾಲ್ಕು ಭಾನುವಾರ ಹಿಡಿಯಿತು.

ಬ್ಯಾಟರಿಯ ಮೇಲಿನ ತೂತು ನೋಡಲು ಥೇಟ್ ನೆಟ್‌ವರ್ಕ್ ಕೇಬಲ್‌ನದೇ. ಎಂಟು ಪಿನ್‌ಗಳಲ್ಲಿ ನಮಗೆ ಬೇಕಾದವು ಎರಡೇ, ಆದರೆ ಯಾವ ಎರಡು ಎಂಬುದು ಒಬ್ಬೊಬ್ಬ ತಯಾರಕನಿಗೆ ಒಂದೊಂದು. ಕೈಪಿಡಿಯಲ್ಲಿ ಚಿತ್ರವೇನೋ ಇತ್ತು. ಅದು ತೂತನ್ನು ಎದುರಿನಿಂದ ನೋಡಿ ಬರೆದದ್ದೋ ಪ್ಲಗ್ಗನ್ನು ನೋಡಿ ಬರೆದದ್ದೋ ಎಂದು ಹೇಳಿರಲಿಲ್ಲ. ಒಂದು ಕಡೆಯಿಂದ ನೋಡಿದರೆ 1 ಮತ್ತು 2, ಇನ್ನೊಂದು ಕಡೆಯಿಂದ 7 ಮತ್ತು 8. ಕೇಬಲ್ ಕತ್ತರಿಸಿ ಕಿತ್ತಳೆ ಜೋಡಿಯನ್ನು ಕಟ್ಟಿದೆ, ಸದ್ದಿಲ್ಲ. ಕಂದು ಜೋಡಿಯನ್ನು ಕಟ್ಟಿದೆ, ಆಗಲೂ ಸದ್ದಿಲ್ಲ. ಎ ಮತ್ತು ಬಿ ಎಂದು ಹೆಸರಿರುವ ಆ ಎರಡೆಳೆಗಳನ್ನು ಅದಲುಬದಲು ಮಾಡಿದಾಗ ಅಂಕಿಗಳು ಬಂದವು. ಈ ಎ, ಬಿ ಹೆಸರಿಡುವುದರಲ್ಲೂ ಒಮ್ಮತವಿಲ್ಲ. ತಿರುಗಿಸಿ ಕಟ್ಟಿದರೆ ಏನೂ ಸುಡುವುದಿಲ್ಲ ಎಂಬುದಷ್ಟೇ ಸಮಾಧಾನ.

ಸಂಭ್ರಮ ಎಂಟು ನಿಮಿಷ. ಇನ್ವರ್ಟರ್ ಕೂಗತೊಡಗಿತು, ಬ್ಯಾಟರಿಯ ಜೊತೆ ಮಾತು ಕಡಿದಿದೆ ಎಂದು. ಅದನ್ನು ತಣ್ಣಗೆ ಮಾಡಿದರೆ ಪೈಗೆ ಅರ್ಧಂಬರ್ಧ ಉತ್ತರ. ರಾತ್ರಿ ಎರಡು ಗಂಟೆಗೂ ಕೂಗಿದಾಗ ಅಮ್ಮ ಎದ್ದು ಬಂದು, "ಮೊದಲು ಅದನ್ನು ಕಿತ್ತು ಹಾಕು ಮಾರಾಯ" ಎಂದರು. ಕಾರಣ ಹೊಳೆದದ್ದು ಮೂರನೇ ವಾರ. ಆ ಎರಡೆಳೆಯಲ್ಲಿ ಪ್ರಶ್ನೆ ಕೇಳುವ ಯಜಮಾನ ಒಬ್ಬನೇ ಇರಬೇಕು, ಉಳಿದವರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ನಮ್ಮ ಇನ್ವರ್ಟರ್ ಮೊದಲಿನಿಂದಲೂ ಅದೇ ಎಳೆಯಲ್ಲಿ ಕೇಳುತ್ತಿತ್ತು, ಈಗ ಪೈಯೂ ಕೇಳತೊಡಗಿತು. ಇಬ್ಬರು ಒಟ್ಟಿಗೆ ಬಾಯಿ ತೆರೆದಾಗ ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ಪರಿಹಾರ ಬ್ಯಾಟರಿಯ ಪಕ್ಕದ ತೂತಿನಲ್ಲೇ ಇತ್ತು. ಇನ್ವರ್ಟರನ್ನು ಕ್ಯಾನ್ (ಮಾತುಕತೆಯ ಇನ್ನೊಂದು ಬಗೆಯ ದಾರಿ) ಎಂದು ಬರೆದಿದ್ದ ಅಲ್ಲಿಗೆ ಬದಲಾಯಿಸಿ, ಅದರ ಬ್ಯಾಟರಿ ಮೆನುವಿನಲ್ಲಿ ಒಂದು ಆಯ್ಕೆ ತಿದ್ದಿದೆ. ಆರ್‌ಎಸ್‌485 ಪೂರ್ತಿ ಪೈಯ ಪಾಲಾಯಿತು. ಅಂದಿನಿಂದ ಕೂಗಿಲ್ಲ.

ಮುನ್ನೂರರ ಪರಿವರ್ತಕ ಮೇ ತಿಂಗಳ ಒಂದು ಸಿಡಿಲಿಗೆ ಹೋಯಿತು. ಈಗಿರುವುದು ಎರಡೂ ಬದಿಯ ವಿದ್ಯುತ್ ಸಂಪರ್ಕವನ್ನು ಬೇರ್ಪಡಿಸಿದ ಬಗೆಯದು, ಸಾವಿರದ ಆರುನೂರು. ಮಲೆನಾಡಿನವರು ಮೊದಲೇ ಇದನ್ನು ಕೊಳ್ಳಲಿ. ಪೈ ತಿನ್ನುವುದು ಸುಮಾರು ನಾಲ್ಕು ವಾಟ್, ದಿನಕ್ಕೆ ಒಂದು ಯೂನಿಟ್‌ನ ಹತ್ತನೇ ಒಂದು ಭಾಗ.

ಇಷ್ಟು ಪಾಡುಪಟ್ಟದ್ದು ಸಾರ್ಥಕವಾದದ್ದು ಹನ್ನೊಂದನೇ ಸೆಲ್‌ನಿಂದ. ತಂತಿ 16 ಸೆಲ್‌ಗಳ ವೋಲ್ಟೇಜನ್ನೂ ಬಿಡಿಬಿಡಿಯಾಗಿ ಕೊಡುತ್ತದೆ. ಗ್ರೈಂಡರ್ ತಿರುಗುವಾಗ ಉಳಿದವು 3.24ರಲ್ಲಿದ್ದರೆ ಹನ್ನೊಂದನೆಯದು 3.18. ಬಿಸಿಲು ಬಂದು ಬ್ಯಾಟರಿ ತುಂಬುವಾಗ ಅದೇ ಸೆಲ್ ಉಳಿದೆಲ್ಲಕ್ಕಿಂತ ಮೇಲೆ. ಏನೂ ಹರಿಯದಿದ್ದಾಗ ಎಲ್ಲವೂ ಸಮ. ಸೆಲ್ಲೇ ಸೊರಗಿದ್ದರೂ ಹೀಗೆ ಎರಡೂ ಕಡೆಗೆ ತೂಗಬಹುದು, ಆದರೆ ಇದು ಜೋಡಣೆ ಸಡಿಲವಾದ ಲಕ್ಷಣವೂ ಹೌದು. ಬ್ಯಾಟರಿ ಜೋಡಿಸಿಕೊಟ್ಟವರು ಬಂದು ಮುಚ್ಚಳ ತೆಗೆದರೆ ಆ ಸೆಲ್‌ನ ನಟ್ ಬೆರಳಿಗೇ ತಿರುಗುತ್ತಿತ್ತು, ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿತ್ತು. ಶಂಟ್ ಇದನ್ನು ಕಾಣಲಾರದು, ಅದಕ್ಕೆ ಇಡೀ ಬ್ಯಾಟರಿ ಒಂದೇ ಗಂಟು. ಶೇಕಡಾವಾರು ಲೆಕ್ಕದಲ್ಲಿ ಬಿಎಂಎಸ್ ಕೂಡ ಮಳೆಗಾಲದಲ್ಲಿ ತಪ್ಪುತ್ತದೆ. ಆದರೆ ಯಾವುದಾದರೂ ಸೆಲ್ 3 ವೋಲ್ಟ್‌ಗೆ ಇಳಿದರೆ ಪೈ ಗಂಟೆ ಬಾರಿಸುವಂತೆ ಮಾಡಿಟ್ಟಿದ್ದೇನೆ, ಕತ್ತಲಾಗುವ ಮೊದಲೇ ತಿಳಿಯುತ್ತದೆ.

ತಂತಿ ಕತ್ತರಿಸಲು ಅಂಜುವವರಿಗೆ ನನ್ನ ಆಯ್ಕೆ ಹಿಡಿಸದು. ಇಂಟರ್ನೆಟ್ ಕೈಕೊಡದ ಪೇಟೆಯಲ್ಲಿದ್ದರೆ ವೈಫೈ ಕಡ್ಡಿಯೇ ಸಾಕು. ಭಾವನದು ತರೀಕೆರೆ ಕಡೆ, ಬಿಸಿಲು ಧಾರಾಳ, ಬ್ಯಾಟರಿ ಲೆಡ್ ಆಸಿಡ್. ಬಿಎಂಎಸ್ಸೇ ಇಲ್ಲದ ಆ ಬ್ಯಾಟರಿಗೆ ಮಾತನಾಡಲು ಬಾಯಿಲ್ಲ, ಹಾಗಾಗಿ ಅಲ್ಲಿ ಶಂಟ್ ಸುಖವಾಗಿದೆ.

ನಮ್ಮ ಅಡುಗೆಮನೆಯ ಗೋಡೆಗೆ ಗಾಜು ಸೀಳಿದ ಹಳೆಯ ಮೊಬೈಲ್ ಒಂದನ್ನು ಸಿಕ್ಕಿಸಿದ್ದೇನೆ. ರೌಟರೂ ಇನ್ವರ್ಟರ್ ಮೇಲೆಯೇ ಇರುವುದರಿಂದ ಹೊರಗಿನ ಕೇಬಲ್ ಹರಿದರೂ ಅದರಲ್ಲಿ ಅಂಕಿ ಓಡುತ್ತಿರುತ್ತದೆ. ಅಮ್ಮ ಈಗ ನನ್ನನ್ನು ಕೇಳುವುದಿಲ್ಲ. ಅರವತ್ತರ ಮೇಲಿದ್ದರೆ ಗ್ರೈಂಡರ್, ಕೆಳಗಿದ್ದರೆ ಅಂದು ಅವಲಕ್ಕಿ.