ಸದ್ದಿಲ್ಲದ ಫ್ಯಾನ್: ಮೂರು ವರ್ಷದ ಬಳಕೆ, ಒಂದು ತಕರಾರು

2022ರ ಏಪ್ರಿಲ್‌ನಲ್ಲಿ ನಮ್ಮ ಮಲಗುವ ಕೋಣೆಗೆ ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದೆವು. ಫ್ಯಾನಿಗೆ 3,200 ರೂಪಾಯಿ, ತೂಗುಹಾಕಿದ ಎಲೆಕ್ಟ್ರೀಷಿಯನ್‌ಗೆ 250. ರೆಕ್ಕೆಯ ಅಳತೆ, ಬಣ್ಣ, ರಿಮೋಟಿನ ಗುಂಡಿಗಳ ವಿವರವೆಲ್ಲ ಡಬ್ಬದ ಮೇಲೆಯೇ ಇದೆ, ಓದಿಕೊಳ್ಳಿ. ಡಬ್ಬದ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಮಾತು 'ನಿಶ್ಶಬ್ದ'. ಆ ಮಾತು ಸುಳ್ಳಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ಕೆಳಗಿಳಿದ ಹಳೆಯ ಫ್ಯಾನ್ ಕಂದು ಬಣ್ಣದ್ದು. ನಾನು ಮದುವೆಯಾಗಿ ಮೈಸೂರಿನ ಈ ಮನೆಗೆ ಬರುವ ಮೊದಲೇ ಅದು ಇಲ್ಲಿತ್ತು. ಎರಡರಲ್ಲಿ ಇಟ್ಟರೆ 'ಹೂಂ' ಎಂದು ಹೂಂಗುಟ್ಟುತ್ತಿತ್ತು, ಸುತ್ತಿಗೊಮ್ಮೆ ಮೇಲಿನ ಬಟ್ಟಲು ಕಂಬಿಗೆ ತಗುಲಿ 'ಟಿಕ್' ಎನ್ನುತ್ತಿತ್ತು. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ, ಹಳೆಯ ಮೋಟಾರು ಅದರ ಎರಡರಷ್ಟು, ಎಂದರೆ 100 ಸಲ ಅದುರುತ್ತದೆ. ಆ 'ಹೂಂ' ಅದರದೇ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳಾದ್ದರಿಂದ ಇದು ನನಗೆ ಗೊತ್ತಿತ್ತು. ಆದರೆ ಹದಿನೆಂಟು ವರ್ಷ ಅದೇ ನನ್ನನ್ನು ಮಲಗಿಸುತ್ತಿತ್ತು ಎಂಬುದು ಗೊತ್ತಿರಲಿಲ್ಲ. ಮನೆಯವರಿಗೆ ಅದು ತಲೆನೋವು. 'ಕಂಡೆನ್ಸರ್ ಹಾಕಿಸಿದ್ದಾಯಿತು, ಬೇರಿಂಗ್ ಹಾಕಿಸಿದ್ದಾಯಿತು, ಇನ್ನು ಇದಕ್ಕೆ ದುಡ್ಡು ಸುರಿಯುವುದಿಲ್ಲ' ಎಂದು ಹೇಳಿ ಹೊಸದನ್ನು ತಂದರು.

ಮೊದಲ ರಾತ್ರಿ ಇಬ್ಬರೂ ಮಲಗಿಕೊಂಡು ಮೇಲೆ ನೋಡಿದೆವು. ರೆಕ್ಕೆ ತಿರುಗುತ್ತಿದೆ, ಗಾಳಿ ಬರುತ್ತಿದೆ, ಸದ್ದು ಮಾತ್ರ ಇಲ್ಲ. ಐದು ನಿಮಿಷದಲ್ಲಿ ಅವರು ನಿದ್ದೆ ಹೋದರು. ನನಗೆ ಅಡುಗೆಮನೆಯ ಫ್ರಿಜ್ ಕೇಳಿಸಿತು.

ಫ್ರಿಜ್ ರಾತ್ರಿಯಿಡೀ ಒಂದೇ ಸಮನೆ ಗುನುಗುವುದಿಲ್ಲ. ಗುರ್ ಎಂದು ಹೊರಟು ಸ್ವಲ್ಪ ಹೊತ್ತಾದ ಮೇಲೆ ಮೈ ಕೊಡವಿಕೊಂಡು 'ಧಡ್' ಎಂದು ನಿಲ್ಲುತ್ತದೆ. ನಿಂತ ಮೇಲೆ ಯಾರೋ ಬಾಯಿ ಮುಕ್ಕಳಿಸಿದ ಹಾಗೆ ಒಳಗೆ ಗುಳುಗುಳು ಎನ್ನುತ್ತದೆ. ಅದು ಮುಗಿಯಿತು ಎನ್ನುವಾಗ ಬಚ್ಚಲಿನ ನಲ್ಲಿಯಿಂದ ಬಕೆಟ್ಟಿಗೆ ಒಂದು ಹನಿ. ಇನ್ನೊಂದು ಹನಿ ಯಾವಾಗ ಬೀಳುತ್ತದೋ ಎಂದು ಕಾಯುತ್ತ ಮಲಗುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಹಾಲಿನ ಗಡಿಯಾರಕ್ಕೆ ಅಷ್ಟು ಗಟ್ಟಿ ಗಂಟಲಿದೆ ಎಂದು ಅಲ್ಲಿಯವರೆಗೆ ತಿಳಿದಿರಲೇ ಇಲ್ಲ. ಅಶೋಕಪುರಂ ನಿಲ್ದಾಣದ ಕಡೆಯಿಂದ ರೈಲಿನ ಕೂಗು, ನಾಲ್ಕು ಗಂಟೆಗೆ ಪಕ್ಕದ ಮನೆಯ ಸಂಪಿನ ಮೋಟಾರು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಶಬ್ದದ ಮಿತಿ 45 ಡೆಸಿಬಲ್ ಎಂದು 2000ನೇ ಇಸವಿಯ ನಿಯಮ ಹೇಳುತ್ತದೆ. ಪಕ್ಕದ ಮನೆಯವರಿಗೆ ಇದನ್ನು ಹೇಳಿ ಹಬ್ಬದ ಹೋಳಿಗೆ ಕಳೆದುಕೊಳ್ಳುವ ಧೈರ್ಯ ನನಗಿಲ್ಲ.

ಈ ಸದ್ದುಗಳೆಲ್ಲ ಮೊದಲೂ ಇದ್ದವು, ಹಳೆಯ ಫ್ಯಾನ್ ಅವುಗಳ ಮೇಲೊಂದು ಕಂಬಳಿ ಹೊದಿಸಿತ್ತು ಅಷ್ಟೆ. ಒಂದೇ ಸಮನೆ ಕೇಳುವ ಸದ್ದಿಗೆ ಕಿವಿ ಒಗ್ಗಿಹೋಗುತ್ತದೆ. ಎಚ್ಚರವಾಗುವುದು ಥಟ್ಟನೆ ಹುಟ್ಟಿ ಥಟ್ಟನೆ ಸಾಯುವ ಸದ್ದಿಗೆ. ನಾನು ಆಗುಂಬೆಯ ಹತ್ತಿರದ ಹಳ್ಳಿಯವಳು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆ ಅದು. ಜೂನ್‌ನಲ್ಲಿ ಹಂಚಿನ ಮೇಲೆ ಹಿಡಿದ ಮಳೆ ಸೆಪ್ಟೆಂಬರಿನಲ್ಲಿ ಬಿಡುತ್ತಿತ್ತು. ನಡುರಾತ್ರಿ ಮಳೆ ನಿಂತರೆ ಮಕ್ಕಳೆಲ್ಲ ಎದ್ದು ಕೂರುತ್ತಿದ್ದೆವು. ಕೋಟೆಯೊಳಗೆ ಬೆಳೆದವರ ಹಾಗೆ ನಿಶ್ಶಬ್ದದಲ್ಲಿ ಮಲಗುವ ಅಭ್ಯಾಸವಿರುವ ಮೈಸೂರಿನ ಗಂಡನಿಗೆ ಇದನ್ನು ಹೇಗೆ ವಿವರಿಸುವುದು?

ಮೊಬೈಲಿನಲ್ಲಿ ಮಳೆಯ ಸದ್ದು ಹಾಕಿಕೊಂಡು ನೋಡಿದೆ. ಒಂದೇ ತುಣುಕನ್ನು ತಿರುಗಿ ತಿರುಗಿ ನುಡಿಸುತ್ತದೆ, ಎರಡನೆಯ ರಾತ್ರಿಗೇ ಅದರ ಹೊಲಿಗೆ ಎಲ್ಲಿದೆ ಎಂದು ಗೊತ್ತಾಯಿತು. ಆ ಮಳೆಗೆ ಹಂಚೂ ಇಲ್ಲ, ಅಡಿಕೆ ಸೋಗೆಯೂ ಇಲ್ಲ, ಬರೀ ಒಗ್ಗರಣೆಯ ಸದ್ದು. ಫ್ಯಾನನ್ನೇ ಐದರಲ್ಲಿ ಇಟ್ಟೆ. ಆಗ ಗಾಳಿಯ ಸದ್ದೇನೋ ಬಂತು, ಜೊತೆಗೆ ಚಳಿಯೂ ಬಂತು. ಅವರು ನಿದ್ದೆಗಣ್ಣಿನಲ್ಲೇ ರಿಮೋಟ್ ಹುಡುಕಿ ಎರಡಕ್ಕೆ ಇಳಿಸಿದರು.

ಆ ರಿಮೋಟಿನ ಬಗ್ಗೆಯೂ ಹೇಳಬೇಕು. ಗುಂಡಿ ಒತ್ತಿದಾಗಲೆಲ್ಲ ಫ್ಯಾನು 'ಕೀಂ' ಎನ್ನುತ್ತದೆ. ಸದ್ದಿಲ್ಲದ ಫ್ಯಾನ್ ಮಾಡಿ, ಅದಕ್ಕೊಂದು ಪೀಪಿ ಕಟ್ಟಿ, ಪೀಪಿಯನ್ನು ಸುಮ್ಮನಾಗಿಸುವ ದಾರಿ ಇಡದೆ ಕಳಿಸಿದ್ದಾರೆ. ನಡುವಿನಲ್ಲೊಂದು ನೀಲಿ ದೀಪ ಬೇರೆ ಇತ್ತು. ಸ್ಟೂಲ್ ಹತ್ತಿ ಅದರ ಮೇಲೆ ನನ್ನ ಹಣೆಯ ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಮೊದಲನೆಯದು ಧೂಳಿಗೆ ಉದುರಿತು, ಈಗಿರುವುದು ಮೂರನೆಯದು, ಮರೂನ್ ಬಣ್ಣದ್ದು, ದೊಡ್ಡದು. ನಮ್ಮ ಫ್ಯಾನ್ ಮುತ್ತೈದೆ ಎಂದು ಅತ್ತೆ ನಗುತ್ತಾರೆ.

ಇಷ್ಟು ಬೈದ ಮೇಲೆ ಒಳ್ಳೆಯದನ್ನೂ ಹೇಳದಿದ್ದರೆ ಅನ್ಯಾಯ. ಬೇಸಿಗೆಯ ಸಂಜೆ ವೋಲ್ಟೇಜ್ ಬಿದ್ದಾಗ ಹಳೆಯದು ಮುದುಕನಂತೆ ಕಾಲೆಳೆಯುತ್ತಿತ್ತು, ಇದರ ವೇಗ ಕದಲುವುದಿಲ್ಲ. ಕರೆಂಟ್ ಹೋಗಿ ಯುಪಿಎಸ್ ಹೊತ್ತುಕೊಂಡಾಗ ಹಳೆಯದು ಗೊರ್ ಎಂದು ಅರಚುತ್ತಿತ್ತು, ಇದಕ್ಕೆ ವ್ಯತ್ಯಾಸವೇ ತಿಳಿಯದು. ಹಳೆಯದು ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ತಿನ್ನುತ್ತಿತ್ತು, ಇದು ಸುಮಾರು 30. ದಿನಕ್ಕೆ ಹತ್ತು ಗಂಟೆ ಎಂದರೂ ತಿಂಗಳಿಗೆ ಹದಿಮೂರು ಯೂನಿಟ್ ಉಳಿಯಬೇಕು. ಆ ಬೇಸಿಗೆಯಲ್ಲೇ ಹಾಲಿಗೂ ಇಂಥದೇ ಒಂದನ್ನು ಹಾಕಿಸಿದೆವು. ಬಿಲ್ ಇಳಿಯಿತು, ಮನೆಯವರು ಬೀಗಿದರು. ಮರುವರ್ಷ ಗೃಹಜ್ಯೋತಿ ಬಂತು. ಯಾರಿಗೆ ಎಷ್ಟು ಯೂನಿಟ್ ಉಚಿತ ಎಂದು ಲೆಕ್ಕ ಹಾಕಿದ್ದು 2022-23ರ ಸರಾಸರಿ ಬಳಕೆಯ ಮೇಲೆ, ಅದಕ್ಕೆ ಶೇ 10 ಸೇರಿಸಿ. ಸರಿಯಾಗಿ ಅದೇ ವರ್ಷ ನಾವು ಜಾಣರಾಗಿ ಮಿತವ್ಯಯ ಮಾಡಿದ್ದೆವು! ನಮ್ಮ ಪಾಲು ಅಷ್ಟು ಕುಗ್ಗಿತು. ಇದಕ್ಕೆ ಫ್ಯಾನನ್ನು ದೂರುವುದು ತಪ್ಪು, ಆದರೂ ಆ ದಿನ ದೂರಿದೆ.

2023ರ ಮೇ ತಿಂಗಳಲ್ಲಿ ಒಂದು ರಾತ್ರಿ ಅದು 'ಕೀಂ' ಎಂದು ಕೂಗಿ ನಿಂತೇಹೋಯಿತು. ಒಳಗಿನ ಬೋರ್ಡ್ ಹೋಗಿತ್ತು. ಹಳೆಯದಾಗಿದ್ದರೆ ಬೀದಿ ಕೊನೆಯ ಅಂಗಡಿಯವನು ಹತ್ತು ನಿಮಿಷದಲ್ಲಿ ಕಂಡೆನ್ಸರ್ ಬದಲಿಸಿ ಹೋಗುತ್ತಿದ್ದ. ಇದಕ್ಕೆ ಕಂಪನಿಯವರೇ ಬರಬೇಕು, ಬೋರ್ಡು ಬೇರೆ ಊರಿನಿಂದ ಬರಬೇಕು. ವಾರಂಟಿ ಇದ್ದುದರಿಂದ ಕಾಸು ಹೋಗಲಿಲ್ಲ, ಹನ್ನೊಂದು ದಿನ ಹೋಯಿತು. ಮೇ ತಿಂಗಳ ಸೆಕೆಯಲ್ಲಿ ಹನ್ನೊಂದು ದಿನ ಹೇಗೆ ಕಳೆಯುವುದು? ಅಟ್ಟದಿಂದ ಕಂದು ಫ್ಯಾನನ್ನು ಇಳಿಸಿ, ಒರೆಸಿ, ತೂಗಿಸಿದೆವು. ಹೊಸದಕ್ಕೆ ರೆಗ್ಯುಲೇಟರ್ ಬೇಡವೆಂದು ಮೊದಲೇ ಕಿತ್ತು ಹಾಕಿದ್ದರಿಂದ ಇದು ಪೂರ್ತಿ ವೇಗದಲ್ಲೇ ತಿರುಗಬೇಕಿತ್ತು. ಹೂಂ, ಟಿಕ್, ಹೂಂ, ಟಿಕ್. ಅವರು ದಿಂಬು ಎತ್ತಿಕೊಂಡು ಹಾಲಿಗೆ ನಡೆದರು. ನಾನು ಕತ್ತಿನವರೆಗೆ ಹೊದ್ದು ಮಲಗಿದವಳು ಬೆಳಗ್ಗೆ ಹಾಲಿನವನು ಬೆಲ್ ಒತ್ತಿದಾಗಲೇ ಎದ್ದದ್ದು. ಫ್ರಿಜ್ ಆ ರಾತ್ರಿ ಕೆಲಸ ಮಾಡಿತೋ ಇಲ್ಲವೋ ನನಗೆ ತಿಳಿಯದು.

ಬೋರ್ಡ್ ಬಂದು ಹೊಸದು ತನ್ನ ಜಾಗಕ್ಕೆ ಮರಳಿದ ದಿನ ಅತ್ತೆ, 'ಹಳೆಯದನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ, ನನ್ನ ಕೋಣೆಯಲ್ಲಿ ಇರಲಿ. ಸದ್ದಿದ್ದರೆ ಯಾರೋ ಜೊತೆಗಿದ್ದ ಹಾಗಿರುತ್ತದೆ' ಎಂದರು. ಅವರ ಕೋಣೆ ಹಾಲಿನ ಆಚೆಗಿದೆ. ಅಂದಿನಿಂದ ನಾವಿಬ್ಬರೂ ಬಾಗಿಲನ್ನು ಅರ್ಧ ತೆರೆದೇ ಮಲಗುತ್ತೇವೆ. ಅಷ್ಟು ದೂರದಿಂದ 'ಟಿಕ್' ಕೇಳುವುದಿಲ್ಲ, 'ಹೂಂ' ಮಾತ್ರ ತೇಲಿ ಬರುತ್ತದೆ, ಮನೆಯವರ ನಿದ್ದೆಗೂ ತೊಂದರೆಯಿಲ್ಲ. ಸೊಳ್ಳೆಗೆಂದು 600 ರೂಪಾಯಿಯ ಪರದೆ ಕೊಂಡೆವು, ಅದನ್ನೂ ಫ್ಯಾನಿನ ಬೆಲೆಗೆ ಸೇರಿಸಿಕೊಳ್ಳಿ.

ಕೊಳ್ಳಬಹುದೇ ಎಂದು ಕೇಳಿದರೆ, ಕೊಳ್ಳಿ. ಬಾಡಿಗೆ ಮನೆಯವರು ಹಳೆಯ ರೆಗ್ಯುಲೇಟರನ್ನು ಜೋಪಾನವಾಗಿ ಎತ್ತಿಡಿ, ಮನೆ ಬಿಡುವಾಗ ಮಾಲೀಕರು ಕೇಳುತ್ತಾರೆ. ಬಚ್ಚಲಿನ ನಲ್ಲಿಯ ವಾಷರನ್ನು ಫ್ಯಾನ್ ತರುವ ಮೊದಲೇ ಬದಲಿಸಿ. ಐದಕ್ಕೆ ನಾಲ್ಕು ಅಂಕ ಕೊಟ್ಟಿದ್ದೇನೆ, ಒಂದನ್ನು ಕಳೆದದ್ದು ಆ 'ಕೀಂ'ಗೆ.

ಕಳೆದ ತಿಂಗಳು ಅತ್ತೆ ನಾದಿನಿಯ ಮನೆಗೆಂದು ಬೆಂಗಳೂರಿಗೆ ಹೋದರು. ಮೂರನೆಯ ದಿನ ಬೆಳಗ್ಗೆ ಮನೆಯವರು ಹಲ್ಲುಜ್ಜುತ್ತ ಅವರ ಕೋಣೆಯ ಬಾಗಿಲಲ್ಲಿ ನಿಂತು, 'ಅಮ್ಮ ಊರಲ್ಲಿಲ್ಲ, ಇಲ್ಲಿ ಯಾರಿಗೆ ಫ್ಯಾನ್ ಹಾಕಿದ್ದೀಯೆ?' ಎಂದರು. ಕುಕ್ಕರ್ ಕೂಗಿತು, ನಾನು ಅಡುಗೆಮನೆಗೆ ಹೋದೆ.