ಅಮ್ಮನ ವೆಲ್ಕ್ರೋ ಶೂ: ಎಂಟು ತಿಂಗಳ ನಂತರ

ಬೆರಳಿನ ಗಂಟುನೋವಿನಿಂದ ಅಮ್ಮನಿಗೆ ಲೇಸ್ ಕಟ್ಟಲು ಆಗುತ್ತಿರಲಿಲ್ಲ. ಅದಕ್ಕೇ ವೆಲ್ಕ್ರೋ ಪಟ್ಟಿಯ ಶೂ ತಂದೆ. ಈಗ ಒಂದೇ ಕೈಯಲ್ಲಿ ಪರ್ರ್ ಅಂತ ಬಿಚ್ಚುತ್ತಾರೆ, ಒತ್ತಿ ಮುಚ್ಚುತ್ತಾರೆ.

ಈ ಪಟ್ಟಿಯ ಕತೆ ನನಗೆ ತುಂಬಾ ಇಷ್ಟ. 1940ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ತಮ್ಮ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ತುದಿಯಲ್ಲೆಲ್ಲ ಪುಟ್ಟ ಕೊಕ್ಕೆಗಳು! ಹೀಗೇ ಕೊಕ್ಕೆಗಳು ಕುಣಿಕೆಗಳಿಗೆ ಸಿಕ್ಕಿಕೊಳ್ಳುವ ಪಟ್ಟಿ ಮಾಡಬಹುದು ಅಂತ ಹೊಳೆದದ್ದು ಬೇಗ, ಮಾಡಲು ವರ್ಷಗಳೇ ಬೇಕಾದವು. ಹತ್ತಿ ಬೇಗ ಸವೆಯಿತು. ನೈಲಾನ್ ಕೈಹಿಡಿಯಿತು. ನೈಲಾನ್ ಕುಣಿಕೆಗಳನ್ನು ಕತ್ತರಿಸಿ ಕೊಕ್ಕೆ ಮಾಡಿದರು. ಪೇಟೆಂಟ್ ಸಿಕ್ಕಿದ್ದು 1955ರಲ್ಲಿ. ಎಷ್ಟು ತಾಳ್ಮೆ ಬೇಕು, ಅಲ್ವಾ?

ಒಂದು ಕೊರತೆ ಇದೆ. ಕೊಕ್ಕೆಗಳಿಗೆ ಕೂದಲು, ನೂಲು ಜಾಸ್ತಿ ಸಿಕ್ಕಿಕೊಳ್ಳುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಮತ್ತೆ ಗಟ್ಟಿ ಹಿಡಿಯುತ್ತದೆ. ಅಮ್ಮ ಈಗ ನನಗಾಗಿ ಕಾಯದೆ ಸಂಜೆ ನಡೆಯಲು ಹೊರಡುತ್ತಾರೆ.